ಬೇಡ ಅಂದವರ ಮನೆಯ ಚಹಾ

ಓದುಗ ಸೋದರಿಯರೇ, ಮೊದಲೇ ಹೇಳಿಬಿಡುತ್ತೇನೆ, ನಾನು ಕ್ರೈಸ್ತಳು. ಮನೆ ಬೀದರ್ ಶಹರದಲ್ಲಿ, ತವರು ಭಾಲ್ಕಿ, ನಮ್ಮ ಯಜಮಾನರ ಅಕ್ಕನನ್ನು ಕೊಟ್ಟದ್ದು ಔರಾದಿಗೆ. ಹತ್ತನೇ ಇಯತ್ತೆ ಪಾಸಾಗಿ ಮದುವೆಯಾದವಳು, ವಯಸ್ಸು ನಲವತ್ತು ದಾಟಿದೆ. ಇಷ್ಟು ಓದಿದ ಕೂಡಲೇ ನಿಮ್ಮಲ್ಲಿ ಒಬ್ಬಿಬ್ಬರು "ಬಂದಳಪ್ಪ ಮತ ಬದಲಿಸುವವಳು" ಎಂದು ಪುಟ ತಿರುವಿ ಉಪ್ಪಿನಕಾಯಿಯ ಕಡೆ ಹೋಗಿರಬಹುದು. ಹೋಗಲಿ, ಅವರ ಮೇಲೆ ನನಗೇನೂ ಸಿಟ್ಟಿಲ್ಲ. ಇವತ್ತು ಬರೆಯಹೊರಟಿರುವುದೇ ಅಂಥವರ ವಿಷಯ.

ನಮ್ಮ ಸಭೆಗಳಲ್ಲಿ ಯೇಸುಸ್ವಾಮಿಯ ವಿಷಯವನ್ನು ಹೇಗೆ ಹೇಳಬೇಕು ಅಂತ ಕಲಿಸುತ್ತಾರೆ. ನಾಚಿಕೊಳ್ಳಬಾರದು, ಅವಕಾಶ ಬಿಡಬಾರದು ಅಂತಾರೆ. ಆದರೆ ಕೇಳಿದವರು "ನಮಗೆ ಬೇಡ" ಅಂದ ಮೇಲೆ ಮರುದಿನ ಅದೇ ನಲ್ಲಿಯ ಮುಂದೆ ಅದೇ ಕೊಡ ಹಿಡಿದುಕೊಂಡು ಅವರ ಪಕ್ಕದಲ್ಲಿ ಹೇಗೆ ನಿಲ್ಲಬೇಕು ಅಂತ ಯಾರೂ ಕಲಿಸುವುದಿಲ್ಲ. ಹೇಳುವ ಗಂಡಸರು ಹೇಳಿ ಗಾಡಿ ಹತ್ತಿ ಮುಂದಿನ ಊರಿಗೆ ಹೋಗುತ್ತಾರೆ. ಅದೇ ಓಣಿಯಲ್ಲಿ ಉಳಿಯುವವರು ನಾವು. ಸಕ್ಕರೆ ತೀರಿದರೆ ಆ ಮನೆಗೇ ಬಟ್ಟಲು ಹಿಡಿದು ಹೋಗಬೇಕು. ರಾತ್ರಿ ಮಗುವಿಗೆ ಜ್ವರ ಬಂದರೆ ಆ ಮನೆಯ ಆಟೋನೇ ಬೇಕು.

ಬೀದರ್ ನೋಡದವರಿಗೆ ಒಂದು ಮಾತು. ನಮ್ಮದು ಒಂದೇ ದೇವರ ಹೆಸರು ಕೇಳಿ ಬೆಳೆದ ಊರಲ್ಲ. ಗುರುನಾನಕರು ಬಂದು ಹೋದರು ಎನ್ನುವ ಝೀರಾ ಸಾಹೇಬ್ ಗುರುದ್ವಾರದಲ್ಲಿ ಇವತ್ತಿಗೂ ಯಾರು ಹೋದರೂ ಊಟ ಹಾಕುತ್ತಾರೆ. ಮಹಮೂದ್ ಗವಾನ್ ಕಟ್ಟಿಸಿದ ಮದರಸಾದ ನೀಲಿ ಹೆಂಚುಗಳು ಇನ್ನೂ ಅಲ್ಲಲ್ಲಿ ಉಳಿದಿವೆ. ಅಷ್ಟೂರಿನಲ್ಲಿ ಬಹಮನಿ ಸುಲ್ತಾನ ಅಹಮದ್ ಶಾಹ ವಲಿಯ ಗೋರಿಗೆ ಉರುಸಿನ ದಿನ ಮುಸಲ್ಮಾನರೂ ಹೋಗುತ್ತಾರೆ, ಲಿಂಗಾಯತರೂ ಹೋಗುತ್ತಾರೆ, ಜಂಗಮರೇ ಮುಂದೆ ನಿಂತು ಪೂಜೆ ಮಾಡುತ್ತಾರೆ. ಬಸವಣ್ಣನವರ ಕಲ್ಯಾಣ ನಮ್ಮ ಜಿಲ್ಲೆಯಲ್ಲೇ ಇದೆ. ಇಷ್ಟೆಲ್ಲದರ ನಡುವೆ ಮಂಗಲಪೇಟೆಯಲ್ಲಿ ನಮ್ಮ ಮೆಥೋಡಿಸ್ಟ್ ಗುಡಿಯ ಗಂಟೆ ಹೊಡೆಯುತ್ತದೆ.

ನಮ್ಮ ಸಭೆ ಈ ಕಡೆ ಬಂದದ್ದು ನಿಜಾಮನ ಕಾಲದಲ್ಲಿ, ಹತ್ತೊಂಬತ್ತನೇ ಶತಮಾನದ ಕೊನೆಯ ಹೊತ್ತಿಗೆ. ಅಮೆರಿಕದಿಂದ ಬಂದವರು ಶಾಲೆ ತೆರೆದರು, ಔಷಧ ಕೊಟ್ಟರು. ಪರದೆಯೊಳಗಿನ, ಅಡಿಗೆಮನೆಯೊಳಗಿನ ಹೆಂಗಸರ ಹತ್ತಿರ ಹೋಗಿ ಓದಿ ಹೇಳಲಿಕ್ಕೆ "ಬೈಬಲ್ ವುಮನ್" ಅಂತ ನಮ್ಮವರೇ ಇರುತ್ತಿದ್ದರು. ಎಷ್ಟೋ ಅಜ್ಜಿಯರು ಅಆಇಈ ಕಲಿತದ್ದು ಅವರ ಕೈಯಲ್ಲಿ. ಸಭೆಗೆ ಸೇರಿದವರು ಹೆಚ್ಚಾಗಿ ಊರ ಹೊರಗಿನ ಕೇರಿಯವರು. ನಮ್ಮ ಮನೆತನವೂ ಅಲ್ಲಿಯದೇ. ಇದನ್ನು ಮುಚ್ಚಿಟ್ಟು ಮಾತಾಡುವವರನ್ನು ಕಂಡರೆ ನನಗೆ ಆಗುವುದಿಲ್ಲ. 1981ರಲ್ಲಿ ಭಾರತದ ಮೆಥೋಡಿಸ್ಟ್ ಸಭೆ ಅಮೆರಿಕದ ಆಡಳಿತದಿಂದ ಬೇರೆಯಾಗಿ ಸ್ವತಂತ್ರವಾಯಿತು. ಈಗಲೂ ನಮಗೆ ಯಾರಾದರೂ "ಅಮೆರಿಕದ ರೊಕ್ಕ ಎಷ್ಟು ಬರ್ತದ್ರೀ?" ಅಂತ ಕೇಳಿದಾಗ ನನಗೆ ನಗು ಬರುತ್ತದೆ. ಬಂದಿದ್ದರೆ ಅಡಿಗೆಮನೆಯ ತಗಡು ಬದಲಿಸುತ್ತಿದ್ದೆ.

ಈಗ ನನ್ನ ಪಕ್ಕದ ಮನೆಯ ಆಯಿಯ ವಿಷಯ. ಎಪ್ಪತ್ತರ ಮೇಲೆ ವಯಸ್ಸು, ಕೊರಳಲ್ಲಿ ಇಷ್ಟಲಿಂಗ, ಮೂರು ಹೊತ್ತು ವಿಭೂತಿ. ನಾನು ಮದುವೆಯಾಗಿ ಬಂದ ಮೊದಲ ವರ್ಷವೇ ಅವರ ಮುಂದೆ ನಮ್ಮ ಸ್ವಾಮಿಯ ವಿಷಯ ಎತ್ತಿದೆ. ಹಪ್ಪಳ ಒಣಗಿಸುತ್ತ ಕೂತು ಪೂರ್ತಿ ಕೇಳಿದರು. ಅರ್ಧಕ್ಕೆ ಎದ್ದು ಹೋಗಲಿಲ್ಲ, ನಗಲಿಲ್ಲ. ಕೊನೆಗೆ, "ನೋಡವ್ವಾ, ನಿಮ್ಮ ಯೇಸುಸ್ವಾಮಿ ಭಾಳ ಛಲೋ ಅದಾನ. ಬಡವರ ಮನಿಗಿ ಹೋದ, ಕುಷ್ಠರೋಗದವರ ಮೈ ಮುಟ್ಟಿದ. ಆದ್ರ ಹುಟ್ಟಿದಾಗಿಂದ ನನ್ನ ಎದಿ ಮ್ಯಾಗ ಕುಂತ ಲಿಂಗ ಬಿಟ್ಟು ನಾ ಎಲ್ಲಿಗಿ ಹೋಗ್ಲಿ? ಬ್ಯಾಡವ್ವಾ" ಅಂದರು. ಆಮೇಲೆ ಒಳಗೆ ಹೋಗಿ ಚಹಾ ಮಾಡಿಕೊಂಡು ಬಂದರು. ಅವತ್ತಿನ ಚಹಾಕ್ಕೆ ಸಕ್ಕರೆ ಸ್ವಲ್ಪ ಜಾಸ್ತಿಯೇ ಇತ್ತು.

ಇದಾಗಿ ಇಪ್ಪತ್ತು ವರ್ಷದ ಮೇಲಾಯಿತು. ನಾನು ಮತ್ತೆ ಆ ಮಾತು ಎತ್ತಿಲ್ಲ. ಅವರಿಗೆ ಗೊತ್ತಿದೆ ನಾನು ಏನು ನಂಬುತ್ತೇನೆ ಅಂತ. ನನಗೆ ಗೊತ್ತಿದೆ ಅವರು ಏನು ಹೇಳಿದರು ಅಂತ. ಮರೆತಿರಬಹುದು ಅಂತ ಮತ್ತೆ ಮತ್ತೆ ಹೇಳಲಿಕ್ಕೆ ಅವರೇನು ಪಾಠ ಒಪ್ಪಿಸುವ ಹುಡುಗಿಯೇ?

ನಮ್ಮ ಕಡೆ ಎಳ್ಳಮಾವಾಸ್ಯೆ ದೊಡ್ಡ ಹಬ್ಬ. ಊರಿಗೆ ಊರೇ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತದೆ. ದಕ್ಷಿಣದ ಸೋದರಿಯರಿಗೆ ನಮ್ಮ ಭಜ್ಜಿ ಅಂದರೆ ಎಣ್ಣೆಯಲ್ಲಿ ಕರಿದದ್ದು ಅನಿಸಬಹುದು, ಅದಲ್ಲ. ಹಸಿ ತೊಗರಿ, ಅವರೆ, ಕಡಲೆ, ಬಟಾಣಿಕಾಳು, ಬದನೆ, ಗಜ್ಜರಿ, ಮೆಂತ್ಯೆಪಲ್ಯ, ಆ ಕಾಲಕ್ಕೆ ಹೊಲದಲ್ಲಿ ಏನು ಸಿಗುತ್ತದೋ ಅದೆಲ್ಲ ಕೂಡಿಸಿ ಬೇಯಿಸಿ, ಹುಣಸೆರಸ ಬಿಟ್ಟು, ಕಡಲೆಹಿಟ್ಟು ಕಲಸಿ ಹಾಕಿ, ಮೇಲೆ ಬೆಳ್ಳುಳ್ಳಿ ಒಗ್ಗರಣೆ ಕೊಟ್ಟದ್ದು. ಜೊತೆಗೆ ಸಜ್ಜೆ ರೊಟ್ಟಿ, ಜೋಳದ ಅಂಬಲಿ. ಆಯಿಗೆ ಗೊತ್ತು, ದೇವರಿಗೆ ಎಡೆ ತೋರಿಸಿದ್ದನ್ನು ನಾವು ತಿನ್ನುವುದಿಲ್ಲ ಅಂತ. ನಮ್ಮ ಸತ್ಯವೇದದಲ್ಲಿ ಪೌಲನು ಕೊರಿಂಥದವರಿಗೆ ಬರೆದ ಪತ್ರದಲ್ಲಿ ಈ ಊಟದ ಜಗಳ ಇದೆ, ಎರಡು ಸಾವಿರ ವರ್ಷದ ಹಳೆಯ ಜಗಳ. ಆಯಿ ಅದನ್ನೇನೂ ಓದಿದವರಲ್ಲ. ಆದರೂ ಪ್ರತಿ ವರ್ಷ ಎಡೆ ಹಿಡಿಯುವ ಮೊದಲೇ ಒಂದು ಡಬ್ಬಿ ಭಜ್ಜಿ ನನಗಾಗಿ ತೆಗೆದಿಟ್ಟು, "ಇದು ಮುಟ್ಟಿಸಿಲ್ಲವ್ವಾ, ಹೆದರಬ್ಯಾಡ" ಅಂತ ಕೊಡುತ್ತಾರೆ. ನನ್ನ "ಬೇಡ"ವನ್ನು ಅವರು ಹಾಗೆ ಇಟ್ಟುಕೊಂಡಿದ್ದಾರೆ. ಕ್ರಿಸ್‌ಮಸ್ಸಿಗೆ ನಾನು ಅವರ ಮನೆಗೆ ಕೇಕ್ ಕಳಿಸುವುದಿಲ್ಲ, ತತ್ತಿ ಹಾಕಿರುತ್ತದೆ. ಬೇರೆ ಕಡಾಯಿ ಇಟ್ಟು, ಹೊಸ ಎಣ್ಣೆಯಲ್ಲಿ ಕರಿದ ಕರ್ಚಿಕಾಯಿ ಒಯ್ಯುತ್ತೇನೆ.

2022ರಲ್ಲಿ ಎಳ್ಳಮಾವಾಸ್ಯೆ ಡಿಸೆಂಬರ್ 23ಕ್ಕೆ ಬಂದಿತ್ತು, ಎರಡು ದಿನಕ್ಕೆ ಕ್ರಿಸ್‌ಮಸ್. ಆ ವರ್ಷದ ಕರ್ಚಿಕಾಯಿಯ ಕಥೆ ಬೇರೆ. ಮತಾಂತರದ ಬಗ್ಗೆ ಹೊಸ ಕಾಯ್ದೆ ಬಂದು ಮೂರು ತಿಂಗಳಾಗಿತ್ತು. ವಿಧಾನಸಭೆಯಲ್ಲಿ 2021ರ ಡಿಸೆಂಬರಿನಲ್ಲಿ, ಪರಿಷತ್ತಿನಲ್ಲಿ 2022ರ ಸೆಪ್ಟೆಂಬರಿನಲ್ಲಿ ಒಪ್ಪಿಗೆಯಾದ ಕಾಯ್ದೆ. ನನ್ನ ಮಗ ಕೂತು ಓದಿ ಹೇಳಿದ. ಒತ್ತಾಯ, ಮೋಸ, ಆಮಿಷದಿಂದ ಮತ ಬದಲಿಸುವಂತಿಲ್ಲ. ಬದಲಿಸುವವರು ಮೂವತ್ತು ದಿನ ಮೊದಲು ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕು. ತಪ್ಪಿದರೆ ಜೈಲು. ಆಮಿಷದ ಪಟ್ಟಿಯಲ್ಲಿ ಉಡುಗೊರೆಯೂ ಇತ್ತು. ಆಯಿಯ ಮೊಮ್ಮಗ ಬಾಗಿಲಲ್ಲಿ ನಿಂತು, "ಕಾಕೂ, ಈ ಕರ್ಚಿಕಾಯಿ ಆಮಿಷ ಏನ್ರೀ?" ಅಂತ ನಕ್ಕ. ಆಯಿ ಒಳಗಿನಿಂದಲೇ, "ಇಪ್ಪತ್ತು ವರ್ಷ ಆಮಿಷ ತಿಂದೀನಿ, ಇನ್ನೂ ಲಿಂಗ ಕೊಳ್ಳಾಗೇ ಅದ. ಇಡಲೇ ಒಳಗ" ಅಂತ ಬೈದರು.

ನಕ್ಕೆವು, ಆದರೆ ಹೆದರಿಕೆಯೂ ಇತ್ತು. ಮನೆಯಲ್ಲಿ ಪ್ರಾರ್ಥನೆಗೆ ನಾಲ್ಕು ಜನ ಸೇರಿದರೆ ಕಿಟಕಿ ಹಾಕಿಕೊಳ್ಳುವ ದಿನಗಳು ಅವು. 2023ರ ಜೂನಿನಲ್ಲಿ ಹೊಸ ಸರಕಾರದ ಸಚಿವ ಸಂಪುಟ ಆ ಕಾಯ್ದೆಯನ್ನು ಹಿಂದಕ್ಕೆ ತೆಗೆದುಕೊಳ್ಳುವ ತೀರ್ಮಾನ ಮಾಡಿತು. ರಾಜಕೀಯ ನನ್ನ ವಿಷಯವಲ್ಲ. ಆ ಕಾಯ್ದೆಯಲ್ಲಿ ನನ್ನ ಮನಸ್ಸಿಗೆ ಚುಚ್ಚಿದ್ದು ಒಂದೇ ಮಾತು, ಅದನ್ನು ನಿಮ್ಮ ಮುಂದೆ ಇಡಬೇಕು. ಸಾಮಾನ್ಯವಾಗಿ ಮೂರರಿಂದ ಐದು ವರ್ಷ ಶಿಕ್ಷೆ. ಆದರೆ ಒತ್ತಾಯಕ್ಕೋ ಆಮಿಷಕ್ಕೋ ಸಿಕ್ಕವರು ಸಣ್ಣ ಮಕ್ಕಳು, ಬುದ್ಧಿ ಸ್ಥಿರವಿಲ್ಲದವರು, ಹೆಂಗಸರು ಅಥವಾ ಪರಿಶಿಷ್ಟ ಜಾತಿ ಪಂಗಡದವರಾದರೆ ಹತ್ತು ವರ್ಷದವರೆಗೆ. ಸೋದರಿಯರೇ, ಹೆಂಗಸರನ್ನು ಎಲ್ಲಿ ಕೂರಿಸಿದ್ದಾರೆ ನೋಡಿದಿರಾ? ಪಕ್ಕದ ಮನೆಯ ಆಯಿ ಅವತ್ತು ಹಪ್ಪಳ ಒಣಗಿಸುತ್ತ ನನಗೆ "ಬ್ಯಾಡ" ಅಂದದ್ದು ಎಷ್ಟು ತೂಕದ ಮಾತು! ಅದನ್ನು ಬುದ್ಧಿ ಬಲಿಯದವರ ಮಾತು ಅನ್ನಲಿಕ್ಕೆ ಆಗುತ್ತದೆಯೇ? "ಹೂಂ" ಅಂದರೆ ಯಾರೋ ಮರುಳು ಮಾಡಿದರು ಅಂತೀರಿ, "ಬೇಡ" ಅಂದರೆ ತಿಳಿವಳಿಕೆ ಇಲ್ಲ ಅಂತ ನಮ್ಮವರೇ ಅಂತಾರೆ. ಎರಡೂ ಕಡೆಯವರಿಗೆ ಹೆಂಗಸಿನ ತಲೆಯಲ್ಲಿ ಏನೋ ಒಂದು ಇದೆ ಅನ್ನುವುದರ ಮೇಲೆ ನಂಬಿಕೆ ಇಲ್ಲ.

ಇನ್ನು ಹಳೆಯ ಮಾತು. ನಮ್ಮ ಸಂವಿಧಾನದ 25ನೇ ವಿಧಿಯಲ್ಲಿ ಧರ್ಮವನ್ನು ನಂಬಲು, ಆಚರಿಸಲು, ಪ್ರಚಾರ ಮಾಡಲು ಹಕ್ಕಿದೆ. 1977ರಲ್ಲಿ ಸುಪ್ರೀಂ ಕೋರ್ಟು, ಮಧ್ಯಪ್ರದೇಶದಿಂದ ಬಂದ ಸ್ಟ್ಯಾನಿಸ್ಲಾಸ್ ಎಂಬ ಪಾದ್ರಿಯ ಖಟ್ಲೆಯಲ್ಲಿ, ಪ್ರಚಾರ ಅಂದರೆ ತನ್ನ ಧರ್ಮದ ಮಾತನ್ನು ತಿಳಿಸುವುದು, ಇನ್ನೊಬ್ಬರನ್ನು ಮತಾಂತರಿಸುವ ಹಕ್ಕಲ್ಲ ಅಂತ ತೀರ್ಪು ಕೊಟ್ಟಿತು. ನಮ್ಮವರಲ್ಲಿ ಅನೇಕರಿಗೆ ಈ ತೀರ್ಪು ಸೇರುವುದಿಲ್ಲ. ಕಾಯ್ದೆಯ ಒಳಹೊರಗು ನನಗೆ ತಿಳಿಯದು. ನನ್ನ ಅಡಿಗೆಮನೆಯ ಬುದ್ಧಿಗೆ ಅದು ಸರಿಯೇ ಕಾಣುತ್ತದೆ. ಬಡಿಸುವುದು ನನ್ನ ಕೈಯಲ್ಲಿದೆ, ಇನ್ನೊಬ್ಬರ ಬಾಯಿ ನನ್ನ ಕೈಯಲ್ಲಿಲ್ಲ.

ನಮ್ಮ ಸತ್ಯವೇದದಲ್ಲಿ ಇದಕ್ಕೆ ಒಂದು ಪ್ರಸಂಗ ಇದೆ, ಪ್ರಸಂಗ ಮಾಡುವವರು ಅದನ್ನು ಅಷ್ಟಾಗಿ ಎತ್ತುವುದಿಲ್ಲ. ಯೇಸುಸ್ವಾಮಿ ಯೆರೂಸಲೇಮಿಗೆ ಹೋಗುವಾಗ ಸಮಾರ್ಯದವರ ಒಂದು ಹಳ್ಳಿಯವರು ಇಳಿದುಕೊಳ್ಳಲು ಜಾಗ ಕೊಡಲಿಲ್ಲ. ಶಿಷ್ಯರಿಬ್ಬರಿಗೆ ಸಿಟ್ಟು ಬಂತು, ಆಕಾಶದಿಂದ ಬೆಂಕಿ ಬೀಳಲಿ ಅನ್ನಲೇ ಅಂತ ಕೇಳಿದರು. ಸ್ವಾಮಿ ಬೈದದ್ದು ಹಳ್ಳಿಯವರನ್ನಲ್ಲ, ಶಿಷ್ಯರನ್ನು. ಆಮೇಲೆ ಮುಂದಿನ ಹಳ್ಳಿಗೆ ಹೋದರು. ಇನ್ನೊಂದು ಕಡೆ ಒಬ್ಬ ಸಾಹುಕಾರ ತರುಣ ಅವರ ಮಾತು ಕೇಳಿ ಮುಖ ಸಣ್ಣ ಮಾಡಿಕೊಂಡು ಹೊರಟುಹೋದ. ಸ್ವಾಮಿ ಅವನ ಹಿಂದೆ ಓಡಲಿಲ್ಲ, ಕರಾರು ಸಡಿಲ ಮಾಡಿ ಕರೆಯಲೂ ಇಲ್ಲ. ಅವನನ್ನು ಪ್ರೀತಿಯಿಂದ ನೋಡಿದರು ಅಂತ ಮಾರ್ಕನು ಬರೆದಿದ್ದಾನೆ.

ನಮ್ಮ ಮೆಥೋಡಿಸ್ಟರಲ್ಲೇ ಸ್ಟ್ಯಾನ್ಲಿ ಜೋನ್ಸ್ ಅಂತ ಒಬ್ಬ ಅಮೆರಿಕದವರು ಇದ್ದರು. 1907ರಲ್ಲಿ ಭಾರತಕ್ಕೆ ಬಂದವರು. ಬೇರೆ ಬೇರೆ ಧರ್ಮದವರನ್ನು ದುಂಡಗೆ ಕೂರಿಸಿ, ವಾದ ಬೇಡ, ನಿಮ್ಮ ನಿಮ್ಮ ದೇವರು ನಿಮ್ಮ ಬಾಳಿನಲ್ಲಿ ಏನು ಮಾಡಿದ ಅಷ್ಟು ಹೇಳಿ ಅನ್ನುತ್ತಿದ್ದರಂತೆ. ಕ್ರೈಸ್ತಧರ್ಮ ಈ ದೇಶದಲ್ಲಿ ಪರಕೀಯ ಅನಿಸದಿರಲು ಏನು ಮಾಡಬೇಕು ಅಂತ ಅವರು ಗಾಂಧೀಜಿಯನ್ನು ಕೇಳಿದಾಗ ಸಿಕ್ಕ ಮೊದಲ ಉತ್ತರ, ನೀವುಗಳು ಮೊದಲು ಯೇಸುವಿನ ಹಾಗೆ ಬದುಕಿ ಅನ್ನುವ ಅರ್ಥದ್ದು. ಈ ಉತ್ತರ ಕೊಟ್ಟವರು ಕೊನೆಯವರೆಗೂ ಕ್ರೈಸ್ತರಾಗಲಿಲ್ಲ. ಜೋನ್ಸರಿಗೆ ಅವರ ಮೇಲಿನ ಗೌರವವೂ ಕಡಿಮೆಯಾಗಲಿಲ್ಲ.

ನಮ್ಮ ಕನ್ನಡದಲ್ಲೇ ನೋಡಿ. ಬಾಸೆಲ್ ಮಿಷನ್ನಿನವರು ಕಿಟ್ಟೆಲ್ ಸಾಹೇಬರನ್ನು 1853ರಲ್ಲಿ ಕಳಿಸಿದ್ದು ಉಪದೇಶಕ್ಕೆ. ಇವತ್ತು ನಾಡು ಅವರನ್ನು ನೆನೆಯುವುದು 1894ರಲ್ಲಿ ಅಚ್ಚಾದ ನಿಘಂಟಿಗಾಗಿ. ಅದೇ ಮಿಷನ್ನಿನ ಪಾದ್ರಿ ರೆವರೆಂಡ್ ಉತ್ತಂಗಿ ಚನ್ನಪ್ಪನವರು ಸರ್ವಜ್ಞನ ವಚನಗಳಿಗಾಗಿ ಊರೂರು ಅಲೆದು, ಕೂಡಿಸಿ, 1924ರಲ್ಲಿ ಅಚ್ಚು ಹಾಕಿಸಿದರು. ಬಸವಣ್ಣನವರ ಮೇಲೆ, ಅನುಭವಮಂಟಪದ ಮೇಲೆ ಬರೆದರು. ಜೀವ ಇರುವವರೆಗೆ ಕ್ರೈಸ್ತರಾಗಿಯೇ ಇದ್ದರು. ನಿಜಾಮನ ಆಳಿಕೆ ಮುಗಿದ ಮರುವರ್ಷ, 1949ರಲ್ಲಿ, ನಮ್ಮ ಕಲಬುರಗಿಯಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನವಾದಾಗ ಅಧ್ಯಕ್ಷರು ಇವರೇ. ಅಲ್ಲಿ ಸೇರಿದ್ದ ಜನರಲ್ಲಿ ಎಷ್ಟು ಮಂದಿ ಅವರ ಧರ್ಮ ಒಪ್ಪಿದ್ದರು? ಆದರೂ ಅವರ ಮಾತು ಕೇಳಲು ಕೂತಿದ್ದರಲ್ಲ!

ಇದೆಲ್ಲ ದೊಡ್ಡವರ ಮಾತಾಯಿತು. ನನ್ನ ಮನೆಯ ಮಾತು ಹೇಳುತ್ತೇನೆ, ಅದು ಇಷ್ಟು ಸಲೀಸಲ್ಲ.

ನಮ್ಮ ಮಾವನವರು ದೀಕ್ಷಾಸ್ನಾನ ತೆಗೆದುಕೊಂಡಾಗ ಯಜಮಾನರು ಇನ್ನೂ ಸಣ್ಣವರು. ಅಕ್ಕನಿಗೆ ಆಗಲೇ ಮದುವೆಯಾಗಿ ಔರಾದಿಗೆ ಹೋಗಿದ್ದರು. ಮನೆಯಲ್ಲಿ ಮರಗಮ್ಮನ ದೇವರ ಬುಟ್ಟಿ ಇತ್ತು, ತಲೆಮಾರುಗಳಿಂದ ಬಂದದ್ದು. ಹೊಸ ಮತಕ್ಕೆ ಬಂದ ಮೇಲೆ ಅದನ್ನು ಮನೆಯಲ್ಲಿ ಇಡುವ ಹಾಗಿಲ್ಲ, ಹೊಳೆಗೆ ಬಿಡಬೇಕು ಅಂತ ತೀರ್ಮಾನವಾಯಿತು. ಸುದ್ದಿ ಕೇಳಿ ಅಕ್ಕ ಕೈಗೂಸು ಕಟ್ಟಿಕೊಂಡು ಬಸ್ಸು ಹಿಡಿದು ಬಂದರಂತೆ. ಜಗಳ ಮಾಡಲಿಲ್ಲ. "ನಿಮಗ ಬ್ಯಾಡಾಗ್ಯಾಳ, ನನಗ ಬೇಕಾಗ್ಯಾಳ" ಅಂತ ಆ ಬುಟ್ಟಿಯನ್ನು ತಲೆಯ ಮೇಲೆ ಹೊತ್ತುಕೊಂಡು ಮಾಂಜ್ರಾ ದಾಟಿ ಔರಾದಿಗೆ ಹೋದರು. ಇವತ್ತಿಗೂ ಅದು ಅವರ ಮನೆಯ ಮೂಲೆಯಲ್ಲಿ ಅರಿಶಿಣ ಕುಂಕುಮ ಹಚ್ಚಿಸಿಕೊಂಡು ಕೂತಿದೆ. ನಮ್ಮ ಅತ್ತೆಯವರು ಸಾಯುವವರೆಗೆ ಮಗಳ ವಿಷಯಕ್ಕೆ ಅಳುತ್ತಿದ್ದರು. ಮಗಳು ನರಕಕ್ಕೆ ಹೋಗುತ್ತಾಳೆ ಅಂತ ಇವರ ದುಃಖ. ತಾಯಿ ಮನೆಯ ದೇವರನ್ನು ಹೊರಗೆ ಹಾಕಿದಳು ಅಂತ ಅವರ ದುಃಖ. ಇಬ್ಬರದೂ ಖರೇ ದುಃಖವೇ. ನಡುವೆ ತೊಗರಿಬೇಳೆ, ಶೇಂಗಾ ಹಿಂಡಿ, ಸೀರೆ ಕುಪ್ಪಸ ಮಾತ್ರ ನಿಲ್ಲದೆ ಹೋಗಿಬರುತ್ತಿದ್ದವು.

ಏಳೆಂಟು ವರ್ಷದ ಹಿಂದೆ ಅಕ್ಕನ ದೊಡ್ಡ ಮಗ ಮೋಟಾರ್ ಸೈಕಲ್ ಮೇಲಿಂದ ಬಿದ್ದು ತೀರಿಕೊಂಡ. ದಿನಕರ್ಮ ಮುಗಿದ ಹತ್ತನೇ ದಿನಕ್ಕೋ ಏನೋ, ಹೊರ ಊರಿನಿಂದ ಬಂದ ಪ್ರಚಾರದ ತಂಡವೊಂದು ಅವರ ಬಾಗಿಲಿಗೆ ಹೋಯಿತು. ಸಮಾಧಾನ ಹೇಳುತ್ತ ಹೇಳುತ್ತ ಒಬ್ಬ, ಮನೆಯಲ್ಲಿ ಆ ಬುಟ್ಟಿ ಇರುವುದರಿಂದಲೇ ಹೀಗಾಯಿತು, ತೆಗೆದು ಹಾಕಿದರೆ ಉಳಿದ ಮಕ್ಕಳು ಉಳಿಯುತ್ತಾರೆ ಅಂದನಂತೆ. ಅಕ್ಕ ರೊಟ್ಟಿ ಬಡಿಯುವ ಕೈಯಲ್ಲೇ ಎದ್ದು ಬಂದು ಅವರನ್ನು ಓಣಿಯ ತುದಿಯವರೆಗೆ ಅಟ್ಟಿದರು. ನನಗೆ ಈ ಸುದ್ದಿ ಮುಟ್ಟಿದಾಗ ಮೈ ಉರಿಯಿತು. ಮಗನನ್ನು ಕಳಕೊಂಡ ತಾಯಿಗೆ ಲೆಕ್ಕ ಒಪ್ಪಿಸುವ ದೇವರನ್ನು ನಾನು ನಂಬಿಲ್ಲ. ಇಂಥವರು ಒಂದು ತಾಸಿನಲ್ಲಿ ಮಾಡಿ ಹೋದದ್ದನ್ನು ತಿದ್ದಲಿಕ್ಕೆ ನಮ್ಮಂಥವರಿಗೆ ವರ್ಷಗಳು ಬೇಕು.

ಅದೇ ಮಳೆಗಾಲದಲ್ಲಿ ಅಕ್ಕ ಜ್ವರ ಹಿಡಿದು ಮಲಗಿದರು. ಸೋಯಾ ಕಳೆ ತೆಗೆಯುವ ಕಾಲ, ಮನೆಯಲ್ಲಿ ನೋಡುವವರಿಲ್ಲ. ನಾನು ಚೀಲದಲ್ಲಿ ಎರಡು ಸೀರೆ ಹಾಕಿಕೊಂಡು ಹೊರಟೆ. ಜನವಾಡ, ಸಂತಪುರ ದಾಟಿ ಬಸ್ಸು ಔರಾದ ಮುಟ್ಟುವ ಹೊತ್ತಿಗೆ ಮಧ್ಯಾಹ್ನ. ಹಾಸಿಗೆಯಿಂದ ಏಳಲಾಗದಿದ್ದರೂ ಅಕ್ಕ ಮೊದಲು ಆಡಿದ ಮಾತು ಇದು: "ಬಂದೀ ತಂಗಿ, ಛಲೋ ಆತು. ಒಂದ್ ಮಾತು. ನಿನ್ನ ದೇವರಿಗಿ ಏನ್ ಬೇಡ್ಕೋತಿ, ನಿನ್ನ ಮನಸ್ನ್ಯಾಗ ಬೇಡ್ಕೋ. ನನ್ನ ತಲಿ ಮ್ಯಾಗ ಕೈ ಇಡಬ್ಯಾಡ. ನಾ ನಿದ್ದ್ಯಾಗ ಇದ್ದಾಗೂ ಇಡಬ್ಯಾಡ." ಹೂಂ ಅಕ್ಕಾ ಅಂದೆ.

ಒಂಬತ್ತು ದಿನ ಇದ್ದೆ. ನಮ್ಮಲ್ಲಿ ರೋಗಿಯ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸುವುದು ಎಷ್ಟು ಸಹಜ ಅಂದರೆ, ಮಗುವಿಗೆ ಜ್ವರ ಬಂದರೆ ಕೈ ತಾನಾಗಿ ಹೋಗುತ್ತದೆ. ನಾಲ್ಕನೆಯ ರಾತ್ರಿ ಜ್ವರ ಏರಿ ಅಕ್ಕ ಮಗನ ಹೆಸರು ಹಿಡಿದು ಬಡಬಡಿಸತೊಡಗಿದರು. ಹಣೆಗೆ ತಣ್ಣೀರ ಪಟ್ಟಿ ಹಾಕುತ್ತ ಕೂತವಳು ನಾನೊಬ್ಬಳೇ. ಯಾರು ನೋಡುತ್ತಿದ್ದರು? ಅವರಿಗೂ ತಿಳಿಯುತ್ತಿರಲಿಲ್ಲ. ಪಟ್ಟಿ ಹಾಕುವಾಗ ಕೈ ಹಣೆಗೆ ತಾಕುತ್ತಲೇ ಇತ್ತು. ಆದರೆ ಪಟ್ಟಿ ಹಾಕುವ ಕೈ ಬೇರೆ, ಪ್ರಾರ್ಥನೆಯ ಕೈ ಬೇರೆ ಅಂತ ನನಗೆ ಗೊತ್ತಿತ್ತಲ್ಲ! ಪಟ್ಟಿ ಹಾಕಿದೆ, ಕೈ ತೆಗೆದು ನನ್ನ ಮಡಿಲಲ್ಲಿ ಇಟ್ಟುಕೊಂಡು, ಆಮೇಲೆ ಮನಸ್ಸಿನಲ್ಲಿ ಬೇಡಿಕೊಂಡೆ. ಮೂಲೆಯಲ್ಲಿ ಮರಗಮ್ಮನ ಮುಂದಿನ ದೀಪಕ್ಕೆ ಎಣ್ಣೆ ತೀರಿ ಸೊಡರು ಸಣ್ಣಗಾಗುತ್ತಿತ್ತು. ಅದಕ್ಕೆ ಎಣ್ಣೆ ಹಾಕುವುದು ನನ್ನಿಂದಾಗದು. ಪಕ್ಕದ ಮನೆಯ ಹುಡುಗಿಯನ್ನು ಎಬ್ಬಿಸಿ ಕರೆದು ಹಾಕಿಸಿದೆ. ಬೀದರಿಗೆ ಬಂದು ಇದನ್ನು ಹೇಳಿದಾಗ ನಮ್ಮ ಸಭೆಯ ಒಬ್ಬ ಹಿರಿಯರು, ಆರಿಹೋಗಲು ಬಿಡಬೇಕಿತ್ತು, ದೇವರೇ ಕೊಟ್ಟ ಗುರುತು ಅದು ಅಂದರು. ದೇವರಿಗೆ ಗುರುತು ಕೊಡಬೇಕೆನಿಸಿದರೆ ಎಣ್ಣೆ ತೀರುವುದನ್ನು ಕಾಯಬೇಕೇ ಅಂದೆ. ಅವರಿಗೆ ರುಚಿಸಲಿಲ್ಲ.

ಅಕ್ಕ ಚೇತರಿಸಿಕೊಂಡರು, ಡಾಕ್ಟರರ ಗುಳಿಗೆಯಿಂದ. ಪ್ರಾರ್ಥನೆಯಿಂದಲೂ ಅಂತ ನಾನು ನಂಬುತ್ತೇನೆ, ಅವರ ಮುಂದೆ ಅಂದಿಲ್ಲ. ಮುಂದಿನ ದೀಪಾವಳಿಗೆ ಬೀದರಿಗೆ ಬಂದಾಗ ಅವರೆಕಾಯಿ ಬಿಡಿಸುತ್ತ ಕೂತಿದ್ದೆವು. ತಲೆ ಎತ್ತದೆ ಕೇಳಿದರು: "ತಂಗಿ, ನಿಮ್ಮ ಯೇಸುಸ್ವಾಮೀಗಿ ಮೊಳಿ ಹೊಡ್ದಾಗ ಅವರವ್ವ ಅಲ್ಲೇ ನಿಂತಿದ್ಲಂತ, ಖರೇ ಏನು?" ಹೌದಕ್ಕಾ ಅಂದೆ. "ಪೂರಾ ಹೊತ್ತು ನಿಂತ್ಲಾ? ಮನಿಗಿ ಹೋಗ್ಲಿಲ್ಲಾ?" ನಿಂತೇ ಇದ್ದಳು ಅಂದೆ. ಜೀವ ಹೋಗುವ ಮೊದಲು ಮಗ ತಾಯಿಯನ್ನು ತನ್ನ ಪ್ರೀತಿಯ ಶಿಷ್ಯನ ಕೈಗೆ ಒಪ್ಪಿಸಿದ್ದನ್ನು, ಅವತ್ತಿನಿಂದ ಆ ಶಿಷ್ಯ ಅವಳನ್ನು ತನ್ನ ಮನೆಯಲ್ಲಿ ಇಟ್ಟುಕೊಂಡದ್ದನ್ನು, ಯೋಹಾನನು ಬರೆದಿರುವಷ್ಟನ್ನು ಹೇಳಿದೆ. ಅದಕ್ಕೆ ಒಂದು ಮಾತೂ ಜೋಡಿಸಲಿಲ್ಲ. ಅಕ್ಕನ ಕಣ್ಣೀರು ಅವರೆಕಾಳಿನ ಬುಟ್ಟಿಗೆ ಬಿತ್ತು. "ಆಕಿಗಿ ನೋಡಾಕರ ಸಿಕ್ಕ. ನಾ ಹೋಗೋ ಹೊತ್ತಿಗಿ ನನ್ನ ಹುಡುಗ ಹೋಗಿಬಿಟ್ಟಿದ್ದ" ಅಂದರು. ಬಹಳ ಹೊತ್ತಿನ ಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, "ಆಕಿ ಕಥಿ ಮತ್ತ್ ಎಂದರ ಹೇಳು. ಆದ್ರ ನಾ ನಿಮ್ಮ ಗುಡಿಗಿ ಬರಾಕಿ ಅಲ್ಲ, ನೆನಪಿಡು" ಅಂದರು. ನೆನಪಿಟ್ಟಿದ್ದೇನೆ. ಅಕ್ಕ ಕೇಳಿದಾಗ ಹೇಳುತ್ತೇನೆ. ಮೂರು ಸಲ ಕೇಳಿದ್ದಾರೆ.

ಕೆಲವು ಓದುಗರು ಕೇಳಬಹುದು, ಹಾಗಾದರೆ ನಿಮಗೆ ನಿಮ್ಮ ನಂಬಿಕೆಯ ಮೇಲೆ ಅಷ್ಟೇನೂ ಒತ್ತು ಇಲ್ಲವೇ ಅಂತ. ಇದೆ. ಅಕ್ಕ ನನ್ನ ಸ್ವಾಮಿಯನ್ನು ಅರಿಯಲಿ ಅಂತ ದಿನಾ ಬೇಡಿಕೊಳ್ಳುತ್ತೇನೆ, ಸುಳ್ಳು ಹೇಳಲಾರೆ. ಬಾಯಿ ಮುಚ್ಚಿಕೊಂಡಿದ್ದೇನೆ ಅಂದರೆ ಬಯಕೆ ಹೋಗಿದೆ ಅಂತಲ್ಲ.

ಇನ್ನು ನನ್ನ ತಮ್ಮ. ಅವನ "ಬೇಡ" ಉಳಿದೆಲ್ಲಕ್ಕಿಂತ ಕಷ್ಟದ್ದು, ಯಾಕೆಂದರೆ ಅವನು ನಮ್ಮ ಭಾಲ್ಕಿಯ ಮನೆಯಲ್ಲೇ, ನಮ್ಮ ಅವ್ವನ ಪ್ರಾರ್ಥನೆ ಕೇಳುತ್ತಲೇ ಬೆಳೆದವನು. ಸಂಡೇ ಸ್ಕೂಲಿನಲ್ಲಿ ವಚನ ಬಾಯಿಪಾಠ ಒಪ್ಪಿಸಿ ಬಹುಮಾನ ತಂದವನು. ವರ್ಷಾ ವರ್ಷ ನವೆಂಬರಿನಲ್ಲಿ ನಾವೆಲ್ಲ ವಿಕಾರಾಬಾದ್ ಹತ್ತಿರದ ಧಾರೂರ ಜಾತ್ರೆಗೆ ಹೋಗುತ್ತಿದ್ದೆವು. 1923ರಿಂದ ನಡೆದುಬಂದ ನಮ್ಮ ಮೆಥೋಡಿಸ್ಟರ ಜಾತ್ರೆ ಅದು. ಗುಡಾರದಲ್ಲಿ ರಾತ್ರಿಯಿಡೀ ಹಾಡು. ಎಲ್ಲರಿಗಿಂತ ಗಟ್ಟಿಯಾಗಿ ಹಾಡುತ್ತಿದ್ದವನು ಇವನೇ. ಕಾಲೇಜಿಗೆ ಹೋದ, ಬಾಬಾಸಾಹೇಬರನ್ನು ಓದಿದ, ಒಂದು ದಿನ ಬಂದು ಅವ್ವನ ಮುಂದೆ ಕೂತು, "ಅವ್ವಾ, ನಾ ಬುದ್ಧನ ಕಡಿ ಹೋಗಾಂವ" ಅಂದ.

ಅವನು ಕೇಳಿದ ಪ್ರಶ್ನೆಗಳನ್ನು ನಾನು ಸಣ್ಣವು ಅನ್ನಲಾರೆ. "ಅಕ್ಕಾ, ದೀಕ್ಷಾಸ್ನಾನ ಆಗಿ ನಾಕು ಪೀಳಿಗಿ ಆತು. ಊರಾಗ ನಮ್ಮನ್ನ ಯಾವ ಹೆಸರೀಲೆ ಕರೀತಾರ? ಹಳೇ ಹೆಸರೀಲೇ. ಸಭಾದಾಗರ ಹೆಣ್ಣು ಕೊಡೋ ಮುಂದ ಯಾವ ಕೇರಿ ಅಂತ ಕೇಳೋದಿಲ್ಲೇನು?" ಕೇಳುತ್ತಾರೆ, ನನಗೂ ಗೊತ್ತು. ಮೇಲಾಗಿ 1950ರ ರಾಷ್ಟ್ರಪತಿಗಳ ಆದೇಶದ ಪ್ರಕಾರ ಪರಿಶಿಷ್ಟ ಜಾತಿಯ ಹಕ್ಕು ಹಿಂದೂಗಳಿಗೆ ಮಾತ್ರ ಇತ್ತು. 1956ರಲ್ಲಿ ಸಿಖ್ಖರಿಗೂ 1990ರಲ್ಲಿ ಬೌದ್ಧರಿಗೂ ಸಿಕ್ಕಿತು. ಕ್ರೈಸ್ತರಾದವರಿಗೆ ಕೊಟ್ಟಿರಲಿಲ್ಲ. ಅದಕ್ಕೇ ನಮ್ಮಲ್ಲಿ ಎಷ್ಟೋ ಮಂದಿ ಕಾಗದದಲ್ಲಿ ಒಂದು, ಗುಡಿಯಲ್ಲಿ ಒಂದು. ತಮ್ಮನಿಗೆ ಇದು ಹೇಸಿಗೆ ಅನಿಸಿತು. "ನಾ ಎರಡೂ ಕಡಿ ಒಂದೇ ಹೆಸರಿನಾಂವ ಆಗ್ತೀನಿ" ಅಂದ. ಸೌಲತ್ತಿಗಾಗಿ ಹೋದ ಅಂತ ಕೆಲವರು ಆಡಿಕೊಂಡರು. ನಮ್ಮ ಹಿರಿಯರು ಕ್ರೈಸ್ತರಾದಾಗಲೂ ಗೋಧಿಹಿಟ್ಟಿಗಾಗಿ ಹೋದರು ಅಂತ ಊರು ಆಡಿಕೊಂಡಿತ್ತಲ್ಲ! ಆ ಮಾತು ನಮ್ಮ ಅಜ್ಜನಿಗೆ ಎಷ್ಟು ನೋವು ಕೊಟ್ಟಿತ್ತು ಅಂತ ಕೇಳಿ ಬೆಳೆದವಳು ನಾನು. ಅದೇ ಮಾತನ್ನು ನನ್ನ ತಮ್ಮನ ಮೇಲೆ ಎಸೆಯಲೇ?

ನಮ್ಮ ಭಾಲ್ಕಿಯವರಿಗೆ ಒತ್ತಾಯದ ರುಚಿ ಗೊತ್ತು. ನಿಜಾಮನ ಕಾಲದಲ್ಲಿ ಕನ್ನಡ ಕಲಿಸಲು ಬಿಡದಿದ್ದಾಗ ಹಿರೇಮಠದ ಚನ್ನಬಸವ ಪಟ್ಟದ್ದೇವರು ಶಾಲೆಗೆ ಹೊರಗೆ ಉರ್ದು ಬೋರ್ಡು ಹಾಕಿ ಒಳಗೆ ಕನ್ನಡ ಕಲಿಸಿದರು. ಬೋರ್ಡು ಬದಲಿಸಬಹುದು, ಒಳಗಿನದನ್ನು ಬದಲಿಸಲಾಗದು ಅಂತ ಆ ಊರಿನ ಮಕ್ಕಳಿಗೂ ಗೊತ್ತು.

ಅವ್ವ ಮಾತ್ರ ಸೋಲಲಿಲ್ಲ, ಜಗಳವನ್ನೂ ಆಡಲಿಲ್ಲ. ರಾತ್ರಿ ಊಟಕ್ಕೆ ಮೊದಲು ಗಟ್ಟಿಯಾಗಿ ಪ್ರಾರ್ಥನೆ ಮಾಡುವುದು ಬಿಡಲಿಲ್ಲ. ತಮ್ಮ ತಾಟಿನ ಮುಂದೆ ಕಣ್ಣು ತೆರೆದೇ ಕೂತಿರುತ್ತಿದ್ದ, ಆದರೆ ಅವ್ವನ "ಆಮೆನ್" ಆಗುವವರೆಗೆ ರೊಟ್ಟಿ ಮುರಿಯುತ್ತಿರಲಿಲ್ಲ. ಅವ್ವ ತೀರಿಕೊಂಡಾಗ ಪಾಸ್ಟರರನ್ನು ಕರೆದುಕೊಂಡು ಬಂದವನೂ ಅವನೇ, ಸಮಾಧಿ ತೋಡಿಸಿದವನೂ ಅವನೇ. ಹಾಡುವಾಗ ತುಟಿ ಬಿಚ್ಚಲಿಲ್ಲ. ಮಣ್ಣು ಹಾಕಿ ಹಿಂದೆ ಸರಿದು ನಿಂತ.

ಅವ್ವನ ಸತ್ಯವೇದ ಅವನ ಮನೆಯಲ್ಲಿದೆ. ರಟ್ಟು ಹರಿದು, ದಾರ ಹಾಕಿ ಹೊಲಿದದ್ದು. ಮೊದಲ ಹಾಳೆಯಲ್ಲಿ ನಮ್ಮಿಬ್ಬರ ಹುಟ್ಟಿದ ತಾರೀಖನ್ನು ಅವ್ವ ತನ್ನ ಸೊಟ್ಟ ಅಕ್ಷರದಲ್ಲಿ ಬರೆದಿದ್ದಾಳೆ. ನೀನಂತೂ ಓದುವುದಿಲ್ಲ, ನನಗೆ ಕೊಡು ಅಂತ ಕೇಳಿದೆ. "ಇಲ್ಲಕ್ಕಾ, ಅದು ಅವ್ವಂದು. ಇಲ್ಲೇ ಇರ್ಲಿ" ಅಂದ. ಬಾಬಾಸಾಹೇಬರ ಪುಸ್ತಕಗಳಿರುವ ಕಪಾಟಿನಲ್ಲೇ ಮೇಲಿನ ಸಾಲಿನಲ್ಲಿ ಒಂದು ಹಳೇ ಸೀರೆಯ ತುಂಡಿನಲ್ಲಿ ಸುತ್ತಿ ಇಟ್ಟಿದ್ದಾನೆ. ಭಾಲ್ಕಿಗೆ ಹೋದಾಗ ನಾನು ಅದನ್ನು ಅಲ್ಲೇ ಇಳಿಸಿಕೊಂಡು ಕಿಟಕಿಯ ಹತ್ತಿರ ಕೂತು ಓದುತ್ತೇನೆ. ನಾನು ಓದುವಷ್ಟು ಹೊತ್ತು ಅವನು ಟಿ.ವಿ.ಯ ಸದ್ದು ಕಡಿಮೆ ಮಾಡಿ ಕೂತಿರುತ್ತಾನೆ. ಮುಗಿದ ಮೇಲೆ ಮೇಲಿಡುವುದು ಅವನದೇ ಕೆಲಸ, ನನಗೆ ಆ ಸಾಲು ಎಟಕುವುದಿಲ್ಲ.